ತೊಟ್ಟಿಲು ಅಲುಗದ ನಾಲ್ಕು ನಿಮಿಷ

ಎಂಬತ್ತರ ದಶಕದಲ್ಲಿ ನನಗೆ ಕತ್ತಲೆಯಲ್ಲಿ ಫೋಟೋ ತೆಗೆಯುವ ಹುಚ್ಚು ಹತ್ತಿತ್ತು. ಕ್ಯಾಮೆರಾದ ಶಟರನ್ನು ನಾಲ್ಕು ನಿಮಿಷ ತೆರೆದಿಟ್ಟು, ಟಾರ್ಚಿನ ಬೆಳಕನ್ನು ಕುಂಚದಂತೆ ವಸ್ತುವಿನ ಮೇಲೆ ಸವರಬೇಕು. ಅಷ್ಟು ಹೊತ್ತು ಅದು ಕೂದಲೆಳೆಯಷ್ಟೂ ಅಲುಗಬಾರದು. ಇಂಥ ಕೆಲಸಕ್ಕೆ ನಾನು ಆರಿಸಿಕೊಂಡದ್ದು ತೂಗುವ ತೊಟ್ಟಿಲನ್ನು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕಲಿ!

ಕಲಘಟಗಿಯಲ್ಲಿ ತೊಟ್ಟಿಲಿಗೆ ಬಣ್ಣ ಬರೆಯುವವರ ಮನೆಗೆ ಹೋದೆ. ಅವರ ಮುದಿ ತಾಯಿ, ಖಾಲಿ ತೊಟ್ಟಿಲು ಕಟ್ಟಿದರೆ ಅಪಶಕುನವೆಂದು ಪಟ್ಟು ಹಿಡಿದರು. ಹೆಸರಿಡುವ ದಿನ ಮಾಡುವಂತೆ ಗುಂಡುಕಲ್ಲಿಗೆ ಕೂಸಿನ ಕುಂಚಿಗೆ ತೊಡಿಸಿ ತೊಟ್ಟಿಲಲ್ಲಿ ಮಲಗಿಸಿದರು. ಆಗಲಿ ಎಂದು ದೀಪ ಆರಿಸಿ ಶಟರ್ ತೆರೆದೆ. ತೊಟ್ಟಿಲ ಮೇಲೆ ಬರೆದ ಗಿಳಿಗಳ ಸಾಲಿಗೆ ಬೆಳಕು ಸವರುತ್ತಿದ್ದರೆ ಗಿಳಿಗಳೇ ಸರಿದಾಡತೊಡಗಿದವು. ಕತ್ತಲಲ್ಲಿ ಅಜ್ಜಿ ಹಗ್ಗ ಎಳೆಯುತ್ತಿದ್ದರು.

"ಅಜ್ಜಿ, ತೂಗಬ್ಯಾಡ್ರಿ ಅಂತ ಎಷ್ಟ ಸಲ ಹೇಳ್ಲಿ?"

"ಮಲಗಿಸಿದ ಮ್ಯಾಲ ತೂಗದ ಹೆಂಗ ಬಿಡ್ಲೋ?"

ಎರಡನೆಯ ಸಲವೂ ಅದೇ ಹಾಡು. ಗಂಟಲು ಹರಿಯುವಂತೆ ಕೂಗಾಡಿದೆ. ಮೂರನೆಯ ಸಲ ತೊಟ್ಟಿಲು ಮಿಸುಕಲಿಲ್ಲ. ನನ್ನ ಮಾತು ಕೊನೆಗೂ ನಾಟಿತು ಎಂದುಕೊಂಡೆ.

ಹುಬ್ಬಳ್ಳಿಯಲ್ಲಿ ತೊಳೆಸಿದ ಫೋಟೋ ತಂದು ತೋರಿಸಿದೆ. ಒಂದೊಂದು ಗಿಳಿಯ ಕೊಕ್ಕೂ ಎದ್ದು ಕಾಣುತ್ತಿತ್ತು. ಅಜ್ಜಿ ನೋಡಿ, ನನ್ನನ್ನೇ ಗದರಿದರು:

"ಮದಲ ಎರಡ ಸಲ ಕೂಸಿಗೆ ನಿದ್ದಿ ಹತ್ತಿದ್ದಿಲ್ಲ. ನೀ ನೋಡಿದ್ರ ಬಾಜೂಕ ನಿಂತು ಒದರಾಡ್ತಿದ್ದಿ. ನಾ ತೂಗಿ ಮಲಗಿಸಿದ್ದಕ್ಕ ನಿನ್ನ ಫೋಟೋ ಚಲೋ ಬಂತು."