ಅಪ್ಪ ಕಲಸಿದ ನೀಲಿ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುವ ನನಗೆ ದಾರಿಯುದ್ದಕ್ಕೂ ಪರಿಚಯದ ಮನೆಗಳಿವೆ. ಒಳಗಿನ ಜನರಲ್ಲ, ಹೊರಗಿನ ಗೋಡೆಗಳು ಪರಿಚಯ. ಅವುಗಳಿಗೆ ಬಣ್ಣ ಹಚ್ಚಿದವನು ನನ್ನ ಅಪ್ಪ. ಸಣ್ಣವಳಿದ್ದಾಗ ಪಕ್ಕದಲ್ಲಿ ಯಾರೇ ಕೂತಿರಲಿ, ಕಿಟಕಿಯಾಚೆ ಬೆರಳು ಮಾಡಿ ‘ಅದು ನಮ್ಮಪ್ಪ ಹಚ್ಚಿದ್ದು’ ಎಂದು ಹೇಳಿಬಿಡುತ್ತಿದ್ದೆ. ಅವ್ವ ನನ್ನ ತೊಡೆ ಚಿವುಟುತ್ತಿದ್ದಳು. ಈಗ ನಲವತ್ತರ ಹತ್ತಿರ ಬಂದಿದ್ದೇನೆ, ಧಾರವಾಡದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಬಸ್ಸಿನಲ್ಲಿ ಈಗ ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ.

ನಮ್ಮ ಮನೆ ಹಳೇ ಹುಬ್ಬಳ್ಳಿಯ ಒಂದು ಇಕ್ಕಟ್ಟಾದ ಓಣಿಯಲ್ಲಿದೆ. ಅಪ್ಪ ಮೀಸೆ ಮೂಡುವ ಮೊದಲೇ ಸುಣ್ಣದ ಬಕೀಟು ಹಿಡಿದವನು. ಸುಣ್ಣ ಹೋಗಿ ಡಿಸ್ಟೆಂಪರ್ ಬಂತು, ಡಿಸ್ಟೆಂಪರ್ ಹೋಗಿ ಇನ್ನೇನೋ ಬಂತು, ಅಂಗಡಿಗಳಲ್ಲಿ ಗುಂಡಿ ಒತ್ತಿದರೆ ಬಣ್ಣ ಕಲಸಿಕೊಡುವ ಯಂತ್ರ ಬಂತು. ಅಪ್ಪ ಮಾತ್ರ ಬಿಳಿಯ ಡಬ್ಬಿ ತಂದು, ಬೇಕಾದ ಬಣ್ಣ ಹನಿಹನಿಯಾಗಿ ಬಿಟ್ಟು, ಕೋಲಿನಿಂದ ತಿರುವಿ ಕಣ್ಣಳತೆಯಲ್ಲೇ ಕಲಸುತ್ತಿದ್ದ. ಹೊಸ ಮನೆಗೆ ಹೋದ ಮೊದಲ ದಿನ ಅವನು ಬ್ರಷ್ ಮುಟ್ಟುತ್ತಿರಲಿಲ್ಲ. ಕೋಣೆಯ ನಡುವೆ ನೆಲದ ಮೇಲೆ ಕೂತು, ಇಲ್ಲಿ ಮಲಗುವವರು ಯಾರು, ಬಿಸಿಲು ಎಷ್ಟೊತ್ತಿಗೆ ಒಳಗೆ ಬರುತ್ತದೆ, ಮನೆಯವರು ಹೆಚ್ಚು ಹೊತ್ತು ಎಲ್ಲಿ ಕೂಡುತ್ತಾರೆ ಎಂದೆಲ್ಲ ವಿಚಾರಿಸುತ್ತಿದ್ದ. ಪಶ್ಚಿಮಕ್ಕೆ ಕಿಟಕಿಯಿದ್ದ ಅಡುಗೆಮನೆಗೆ ಹಳದಿ ಬೇಡವೇ ಬೇಡ ಎನ್ನುತ್ತಿದ್ದ. ಸಂಜೆ ಒಲೆಯ ಮುಂದೆ ನಿಂತವರ ತಲೆ ಅದರಿಂದ ಇನ್ನಷ್ಟು ಬಿಸಿಯಾಗುತ್ತದೆ ಎಂಬುದು ಅವನ ನಂಬಿಕೆ. ಬಾಣಂತಿಯ ಕೋಣೆಗೆ ಮಜ್ಜಿಗೆಯ ಬಿಳುಪಿನಲ್ಲಿ ಚೂರೇ ಚೂರು ಕುಸುಬಿ ಹೂವಿನ ಬಣ್ಣ. ಕಂಪನಿಯವರು ಇಟ್ಟ ಹೆಸರುಗಳು ಅವನ ನಾಲಿಗೆಗೆ ಹತ್ತಲಿಲ್ಲ. ಹತ್ತಿ ಹೂವು, ಹಸಿ ಕಡಲೆ, ತೊಗರಿಬೇಳೆ ಎಂದೇ ಬಣ್ಣಗಳನ್ನು ಕರೆಯುತ್ತಿದ್ದ.

ಒಮ್ಮೆ ಒಬ್ಬ ಕಾಳಿನ ವ್ಯಾಪಾರಿ ತಮ್ಮ ಮನೆಗೆ ಕರೆಸಿದ್ದರು. ಅವರ ತಂದೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು, ಯಾರೊಂದಿಗೂ ಮಾತಿಲ್ಲ, ಊಟವೂ ಅಷ್ಟಕ್ಕಷ್ಟೆ. ಆ ಹಿರಿಯರು ಹೆಬ್ಬಳ್ಳಿ ಕಡೆ ಒಕ್ಕಲುತನ ಮಾಡಿದವರೆಂದು ತಿಳಿದು, ಅಪ್ಪ ಅವರ ಮಂಚದ ಎದುರಿನ ಒಂದೇ ಗೋಡೆಗೆ ಎಳೆ ಕಡಲೆಗಿಡದ ಹಸಿರು ಹಚ್ಚಿದ. ಕೆಲವು ದಿನಗಳ ಮೇಲೆ ಅವರು ತಾವಾಗಿಯೇ ಕಿಟಕಿ ತೆಗೆಯಲು ಹೇಳಿದರಂತೆ. ಮನೆಯವರು ಅಪ್ಪನನ್ನು ಹೊಗಳಿದಾಗ ಅವನು ಒಪ್ಪಲಿಲ್ಲ.

“ಗೋಡಿ ಏನ್ ಔಷಧ ಅಲ್ರಿ. ಆದ್ರ ಮಲಗಿದವ್ರು ದಿನಾ ನೋಡೂದು ಗೋಡೀನ ಅಲ್ಲೇನು” ಎಂದಿದ್ದನಂತೆ.

ಇಂಥ ಅಪ್ಪನ ಬಗ್ಗೆ ಗ್ರಂಥಾಲಯದಲ್ಲಿಯೂ ನಾನು ಆಗಾಗ ಹೇಳುತ್ತಿದ್ದೆ. ಅದನ್ನು ಕೇಳಿಯೇ ಸಪ್ತಾಪುರದ ಒಬ್ಬ ನಿವೃತ್ತ ಶಿಕ್ಷಕಿ ತಮ್ಮ ಕೋಣೆಗೆ ಬಣ್ಣ ಹಚ್ಚಿಸಬೇಕೆಂದು ಮನಸ್ಸು ಮಾಡಿದರು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತೇವೆ, ನಾನೂ ಅವರನ್ನು ಹಾಗೇ ಕರೆಯುವುದು. ಯಜಮಾನರು ತೀರಿಕೊಂಡ ಮೇಲೆ ಆ ಕೋಣೆಯಲ್ಲಿ ಅವರಿಗೆ ಉಸಿರು ಕಟ್ಟಿದಂತಾಗುತ್ತಿತ್ತು. ಮಳೆ ನಿಂತ ಮೇಲಿನ ಆಕಾಶದಂಥ ತಿಳಿನೀಲಿ ಬೇಕೆಂದು ಕೇಳಿದರು. ಅಪ್ಪ ಮೂರು ದಿನದಲ್ಲಿ ಕೆಲಸ ಮುಗಿಸಿ ಬಂದ.

ವಾರದ ನಂತರ ಅಕ್ಕೋರು ಗ್ರಂಥಾಲಯಕ್ಕೆ ಬಂದು, ಪೇಪರ್ ಬಿಚ್ಚದೆ ಕೂತರು. ನನ್ನನ್ನು ಹತ್ತಿರ ಕರೆದರು.

“ನಿಮ್ಮಪ್ಪಾರ ಕೆಲಸಕ್ಕ ಹೆಸರಿಡೂಹಂಗಿಲ್ಲ. ಆದ್ರ ಆ ಖೋಲ್ಯಾಗ ನನಗ ನಿದ್ದಿ ಹತ್ತವಲ್ದು.”

ಅಂದು ಕೆಲಸ ಮುಗಿದ ಮೇಲೆ ಅವರೊಂದಿಗೆ ಹೋಗಿ ನೋಡಿದೆ. ಬಾಗಿಲಲ್ಲೇ ನಿಂತುಬಿಟ್ಟೆ. ತಿಳಿನೀಲಿಯಲ್ಲ ಅದು. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ನೀರು ಬೆರೆಸದೆ ಗೋಡೆಗೆ ಸುರಿದಂತಿತ್ತು. ಕೆಲಸ ಮಾತ್ರ ಅಪ್ಪನದೇ. ಒಂದು ಗೆರೆ ಅತ್ತಿತ್ತ ಆಗಿರಲಿಲ್ಲ, ನೆಲದ ಮೇಲೆ ಒಂದು ಹನಿ ಬಿದ್ದಿರಲಿಲ್ಲ.

ಮನೆಗೆ ಬಂದು ಹೇಳಿದರೆ ಅಪ್ಪ ನಂಬಲಿಲ್ಲ. ಮರುದಿನ ತಾನೇ ಹೋಗಿ ಆ ಕೋಣೆಯಲ್ಲಿ ನಿಂತು ನೋಡಿ ಬಂದ. ತನಗೆ ಈಗಲೂ ಅದು ತಿಳಿನೀಲಿಯಾಗಿಯೇ ಕಾಣುತ್ತಿದೆ ಎಂದ. ಅಕ್ಕೋರು ಸುಳ್ಳು ಹೇಳುವವರಲ್ಲ, ಮಗಳೂ ಸುಳ್ಳು ಹೇಳುವವಳಲ್ಲ, ಹಾಗಾದರೆ ತನ್ನ ಕೈಯೇ ಕೆಟ್ಟಿತು ಎಂದು ಅವ್ವನ ಮುಂದೆ ಹೇಳಿ, ಬ್ರಷ್‌ಗಳನ್ನೆಲ್ಲ ತೊಳೆದು ಒಣಗಿಸಿ ಗೋಣಿಚೀಲದಲ್ಲಿ ಕಟ್ಟಿಟ್ಟ. ಆಮೇಲೆ ಕೆಲಸಕ್ಕೆ ಕರೆಯಲು ಬಂದವರನ್ನೆಲ್ಲ ವಾಪಸು ಕಳಿಸಿದ.

ಆ ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಅಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತೇ ಇರುತ್ತಿದ್ದ. ಮೊದಲೆಲ್ಲ ಸ್ನಾನವಾದ ಮೇಲೆ ಅಂದಿನ ಅಂಗಿ ಆರಿಸಲು ಅವನಿಗೆ ಹೊತ್ತು ಬೇಕಾಗುತ್ತಿತ್ತು, ಸೋಮವಾರಕ್ಕೊಂದು, ಸಂತೆಯ ದಿನಕ್ಕೊಂದು, ಮೋಡ ಕವಿದರೆ ಬೇರೊಂದು. ಈಗ ಕೈಗೆ ಸಿಕ್ಕಿದ್ದನ್ನು ಹಾಕಿಕೊಳ್ಳುತ್ತಿದ್ದ. ಪಲ್ಯ ಬಡಿಸಿದರೆ ಯಾವುದರ ಪಲ್ಯ ಎಂದು ಕೇಳುತ್ತಿದ್ದ. ಎಲ್ಲವೂ ಚಹಾದಲ್ಲಿ ಅದ್ದಿ ತೆಗೆದಂತೆ ಕಾಣುತ್ತದೆ ಎಂದು ಒಮ್ಮೆ ಹೇಳಿದ. ಬೇಸರಕ್ಕೆ ಆಡಿದ ಮಾತೆಂದು ನಾನೂ ಅವ್ವನೂ ಅದನ್ನು ಅಲ್ಲಿಗೇ ಬಿಟ್ಟೆವು.

ಪಂಚಮಿ ಹಬ್ಬದ ದಿನ ನಾನು ಹೊಸ ಸೀರೆ ಉಟ್ಟು ಹೊರಗೆ ಬಂದೆ. ನವಿಲಿನ ಕೊರಳಿನಂಥ ಗಾಢ ನೀಲಿ. ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ ಮುಖ ಸಣ್ಣದು ಮಾಡಿದ.

“ಹಬ್ಬದ ದಿನ ಯಾಕವ್ವಾ ಕರೀ ಸೀರಿ ಉಟ್ಟಿ?”

ನಾನು ಸೆರಗು ಹಿಡಿದು ಅವನ ಕಣ್ಣ ಹತ್ತಿರ ಒಯ್ದೆ. ಕಪ್ಪೇ ಎಂದ. ಒಳಗಿಂದ ಒಂದು ಲೋಟ ಹಾಲು ತಂದು ಇದರ ಬಣ್ಣ ಯಾವುದು ಎಂದು ಕೇಳಿದೆ. ಹಾಲು ಬಿಳಿ ಎನ್ನಲು ಬಾಯಿ ತೆರೆದವನು ಬಗ್ಗಿ ನೋಡಿ ತಡೆದ. ಬೆಣ್ಣೆ ಕಾಸಿದಂತಿದೆ, ಹಳದಿ, ಎಂದ. ನಾವು ಅಪ್ಪನ ಕೈಯನ್ನು ಅನುಮಾನಿಸಿದ್ದೆವು, ಕಣ್ಣನ್ನು ಯಾರೂ ಕೇಳಿರಲಿಲ್ಲ.

ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದು ಗಟ್ಟಿಯಾಗಿದೆ ಎಂದರು. ಪೊರೆ ಕಂದು ಬಣ್ಣಕ್ಕೆ ತಿರುಗಿದಾಗ ನೀಲಿ ಬೆಳಕನ್ನು ಒಳಗೆ ಬಿಡುವುದಿಲ್ಲ, ಹೀಗಾಗಿ ನಿಮಗೆ ಎಷ್ಟು ನೀಲಿ ಹಾಕಿದರೂ ಕಡಿಮೆಯೇ ಕಂಡಿರಬೇಕು ಎಂದು ತಿಳಿಸಿ ಹೇಳಿದರು. ಎಷ್ಟು ದಿನದಿಂದ ಹೀಗಾಗಿರಬಹುದು ಎಂದು ಅಪ್ಪ ಕೇಳಿದ. ಎರಡು ವರ್ಷವಾದರೂ ಆಗಿರಬೇಕು ಎಂಬ ಉತ್ತರ ಬಂತು. ಅಪ್ಪ ತನ್ನ ಅಂಗೈ ನೋಡಿಕೊಂಡ.

“ಹಂಗಾರ ಎರಡ ವರ್ಷ ನಾ ಹಚ್ಚಿದ ನೀಲಿ ಎಲ್ಲಾ ತಪ್ಪೇನ್ರಿ?”

ಡಾಕ್ಟರು ನಕ್ಕು, ನಾನು ನೋಡುವುದು ಕಣ್ಣು ಮಾತ್ರ, ಗೋಡೆಯ ಬಗ್ಗೆ ಹೇಳಲಾರೆ ಎಂದರು. ಅಪ್ಪ ನಗಲಿಲ್ಲ.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಮರುದಿನ ಮುಂಜಾನೆ ಪಟ್ಟಿ ಬಿಚ್ಚಿದಾಗ ಅಪ್ಪನ ಎದುರಿಗೆ ಕಿಟಕಿಯಿತ್ತು. ಅವನು ನನ್ನನ್ನಾಗಲಿ ಅವ್ವನನ್ನಾಗಲಿ ನೋಡಲಿಲ್ಲ, ಆಕಾಶ ನೋಡಿದ. ನರ್ಸ್ ಎರಡು ಸಲ ಹೆಸರು ಹಿಡಿದು ಕರೆದರೂ ತಿರುಗಲಿಲ್ಲ. ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ, ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ, ಹೀಗೆ ಬದಲಿಸಿ ಬದಲಿಸಿ ನೋಡತೊಡಗಿದ. ಒಂದರಲ್ಲಿ ಗೋಡೆ ಹಾಲಿನಂತೆ ಬಿಳಿ, ಇನ್ನೊಂದರಲ್ಲಿ ಚಹಾದ ಬಣ್ಣ. ಎಷ್ಟು ನೋಡಿದರೂ ಅವನಿಗೆ ತೃಪ್ತಿಯಿಲ್ಲ. ಅವ್ವನ ಹಸಿರು ಬಳೆ ಹಿಡಿದು, ಇಷ್ಟು ದಿನ ಇದು ಕೆಸರಿನಂತೆ ಕಾಣುತ್ತಿತ್ತು, ನಿನಗೆ ಹೇಳಿದರೆ ನೊಂದುಕೊಳ್ಳುತ್ತೀ ಎಂದು ಸುಮ್ಮನಿದ್ದೆ ಎಂದ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ಧೂಳಿನಲ್ಲಿ ಕೆಲಸ ಮಾಡಲು ಡಾಕ್ಟರು ಒಪ್ಪುವವರೆಗೆ ಅಪ್ಪ ಚಡಪಡಿಸಿದ. ಒಪ್ಪಿದ ಮರುದಿನವೇ ಗೋಣಿಚೀಲ ಬಿಚ್ಚಿದ. ಅಂದು ರವಿವಾರ, ನನ್ನನ್ನೂ ಜೊತೆಗೆ ಬರಹೇಳಿದ. ಎಡಗಣ್ಣಿನ ಆಪರೇಷನ್ ಯಾವಾಗ ಎಂದು ಅವ್ವ ಕೇಳಿದರೆ, ಮೊದಲು ಆ ಗೋಡೆ, ಆಮೇಲೆ ಈ ಕಣ್ಣು ಎಂದುಬಿಟ್ಟ.

ಸಪ್ತಾಪುರದಲ್ಲಿ ಅಕ್ಕೋರು ಬಾಗಿಲು ತೆಗೆದಾಗ ಅಪ್ಪ ಚಪ್ಪಲಿ ಬಿಡುವ ಮೊದಲೇ ಹೇಳಿದ:

“ಅಕ್ಕೋರ, ನೀವು ಹೇಳಿದ್ದು ಖರೇ ಇತ್ತು. ನನ್ನ ಕಣ್ಣು ಸುಳ್ಳು ಹೇಳ್ತಿತ್ತು. ಆ ಖೋಲಿ ಇನ್ನೊಮ್ಮಿ ನನ್ನ ಕೈಯಾಗ ಕೊಡ್ರಿ.”

ಅಕ್ಕೋರು ಬೇರೆ ಯಾರನ್ನೂ ಕರೆಸಿರಲಿಲ್ಲ. ಆ ಕೋಣೆ ಮುಚ್ಚಿ, ಹಾಸಿಗೆಯನ್ನು ನಡುಮನೆಗೆ ತಂದುಕೊಂಡಿದ್ದರು. ಬಾಗಿಲು ತೆಗೆದಾಗ ಅಪ್ಪ ತಾನು ಹಚ್ಚಿದ ನೀಲಿಯನ್ನು ಮೊದಲ ಸಲ ನಿಜವಾಗಿ ಕಂಡ. ತಲೆಯ ಮೇಲೆ ಕೈ ಇಟ್ಟುಕೊಂಡು ನಿಂತ. ಆಮೇಲೆ ನಗು ಬಂತು ಅವನಿಗೆ, ತಡೆಯಲಾರದ ನಗು. ಅದನ್ನು ನೋಡಿ ಅಕ್ಕೋರೂ ನಕ್ಕರು, ಬ್ರಷ್ ಕಟ್ಟಿಟ್ಟಂದಿನಿಂದ ಮೂರು ತಿಂಗಳು ಅಪ್ಪ ನಗದೇ ಇದ್ದದ್ದು ನನಗೆ ಆಗ ಅರಿವಾಯಿತು.

ಆ ನೀಲಿಯನ್ನು ಅಡಗಿಸಲು ಬಿಳಿಯ ಎರಡು ಕೋಟು ಬೇಕಾದವು. ಅವು ಒಣಗಿದ ಮೇಲೆ ಅಪ್ಪ ಬಣ್ಣ ಕಲಸಲು ಕೂತ. ಎಡಗಣ್ಣು ಮತ್ತೆ ಮೋಸ ಮಾಡಬಾರದೆಂದು ಅದರ ಮೇಲೆ ಕರವಸ್ತ್ರ ಕಟ್ಟಿಕೊಂಡ. ಒಂದೇ ಕಣ್ಣಿನಿಂದ, ಮೂಗು ಡಬ್ಬಿಗೆ ತಾಗುವಷ್ಟು ಬಗ್ಗಿ, ಒಂದೊಂದೇ ಹನಿ ಬಿಟ್ಟು ತಿರುವಿದ. ಗೋಡೆಯ ಮೇಲೆ ಅಂಗೈಯಗಲ ಮೂರು ಕಡೆ ಹಚ್ಚಿದ, ಮೂರೂ ನೀಲಿಯೇ, ಒಂದಕ್ಕಿಂತ ಒಂದು ತಿಳಿ. ಅಕ್ಕೋರು ಕೂಡಲೇ ಒಂದನ್ನು ತೋರಿಸಿದರು. ಅಪ್ಪ ಒಪ್ಪಲಿಲ್ಲ.

“ಈಗ ಆರಿಸಬ್ಯಾಡ್ರಿ. ಈ ಖೋಲ್ಯಾಗ ನೀವು ಕೂಡೂದು ಸಂಜೀಕ. ಸಂಜೀಕ ಬಂದು ನೋಡ್ರಿ.”

ಸಂಜೆ ಅವರು ಬಂದು ನೋಡಿದಾಗ ಮಧ್ಯಾಹ್ನ ಮೆಚ್ಚಿದ್ದು ಮಂಕಾಗಿತ್ತು. ಎಲ್ಲಕ್ಕಿಂತ ತಿಳಿಯಾದದ್ದು, ಹಗಲಿನಲ್ಲಿ ಇದೆಯೋ ಇಲ್ಲವೋ ಎನ್ನುವಂತಿದ್ದದ್ದು, ಬೆಳಕು ಇಳಿದಾಗ ಗೋಡೆಯನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿದಂತೆ ಕಂಡಿತು. ಕೋಣೆ ದೊಡ್ಡದಾಗಿತ್ತು. ಅಕ್ಕೋರು ಅದನ್ನೇ ತೋರಿಸಿದರು. ಬಣ್ಣದ ಡಬ್ಬಿ ಹಿಡಿದು ಮೂಲೆಯಲ್ಲಿ ನಿಂತಿದ್ದ ನನಗೆ, ಇಡೀ ಸಪ್ತಾಪುರವನ್ನು ಕರೆದು ಈ ಮನುಷ್ಯನನ್ನು ತೋರಿಸಬೇಕು ಎನ್ನಿಸಿತು.

ಕೆಲಸ ಮುಗಿದು, ವಾಸನೆ ಹೋಗಿ, ಹಾಸಿಗೆ ಒಳಗೆ ಹೋಯಿತು. ಮೂರನೇ ದಿನ ನಾನು ಬಸ್ಸಿಗೆ ಹೊರಟಿದ್ದಾಗ ಅಕ್ಕೋರ ಫೋನು ಬಂತು. ಹಾಲಿನವನು ಮೂರು ಸಲ ಗಂಟೆ ಒತ್ತಿದ ಮೇಲೆ ತಮಗೆ ಎಚ್ಚರವಾಯಿತೆಂದೂ, ಹಾಗೆ ಮಲಗಿ ವರ್ಷದ ಮೇಲಾಯಿತೆಂದೂ ಹೇಳಿದರು. ಫೋನು ಅಪ್ಪನಿಗೆ ಕೊಟ್ಟೆ. ಅವನು ಕೇಳಿಸಿಕೊಂಡು, ಛಲೋ ಆತ್ರಿ, ಅಷ್ಟೇ ಹೇಳಿ ನನಗೆ ವಾಪಸು ಕೊಟ್ಟ. ನಾನು ಓಣಿ ದಾಟುವಷ್ಟರಲ್ಲಿ ಹಿಂದಿನಿಂದ ಕೂಗಿದ, ಎಡಗಣ್ಣಿಗೆ ಡಾಕ್ಟರ ಹತ್ತಿರ ದಿನ ಕೇಳಿಕೊಂಡು ಬಾ ಎಂದು.

ಎರಡೂ ಕಣ್ಣು ತಿಳಿಯಾದ ಮೇಲೆ ಅಪ್ಪ ನನ್ನಿಂದ ಒಂದು ಪಟ್ಟಿ ಬರೆಸಿದ, ಆ ಎರಡು ವರ್ಷಗಳಲ್ಲಿ ತಾನು ನೀಲಿ ಹಚ್ಚಿದ ಮನೆಗಳ ಪಟ್ಟಿ. ಅಕ್ಕೋರ ಮನೆ ಬಿಟ್ಟು ಏಳಿದ್ದವು. ಯಾರೂ ದೂರಿರಲಿಲ್ಲ. ಆದರೂ ಪ್ರತಿ ಮನೆಗೆ ಹೋಗಿ, ನಡೆದದ್ದು ಹೇಳಿ, ಬೇಕಾದರೆ ಮತ್ತೆ ಹಚ್ಚಿಕೊಡುತ್ತೇನೆ ಎಂದ. ನಾಲ್ಕು ಮನೆಯವರು ಒಪ್ಪಿದರು. ಇಬ್ಬರು, ಕಣ್ಣಿಗೆ ರೂಢಿಯಾಗಿದೆ, ಇರಲಿ ಬಿಡು ಎಂದರು.

ಏಳನೆಯದು ನಮ್ಮ ಓಣಿಯ ಆಚೆಗೇ ಇರುವ ಒಬ್ಬ ದರ್ಜಿಯ ಮನೆ. ಅಲ್ಲಿ ಒಳಕೋಣೆಯ ಗೋಡೆ ಅಕ್ಕೋರ ಕೋಣೆಗಿಂತಲೂ ಗಾಢವಾಗಿತ್ತು, ಅಪ್ಪ ಒಳಗೆ ಕಾಲಿಟ್ಟವನೇ ಕಣ್ಣು ಕಿರಿದು ಮಾಡಿದ. ಆದರೆ ಮನೆಯ ಸೊಸೆ ಕಂಕುಳಲ್ಲಿ ಕೂಸು ಹೊತ್ತು ಬಂದು ಗೋಡೆಗೆ ಅಡ್ಡ ನಿಂತಳು.

“ಇದನ್ನ ತಗೀಬ್ಯಾಡ್ರಿ ಕಾಕಾ. ಎಷ್ಟ ಅಳಲಿ, ಈ ಗೋಡಿ ಮುಂದ ತಂದ್ರ ಸುಮ್ನಾಗ್ತೈತ್ರಿ ನಮ್ಮ ಕೂಸು.”

ಅಪ್ಪ ಕೂಸನ್ನು ನೋಡಿದ, ಗೋಡೆ ನೋಡಿದ. ಕೂಸು ನಿಜಕ್ಕೂ ಕಣ್ಣರಳಿಸಿ ಆ ನೀಲಿಯನ್ನೇ ನೋಡುತ್ತಿತ್ತು. ಅವಳು ಕೊಟ್ಟ ಚಹಾ ಕುಡಿದು ನಾವು ಹೊರಗೆ ಬಂದೆವು. ಓಣಿಯಲ್ಲಿ ಅಪ್ಪ ನನ್ನ ಕೈಯಿಂದ ಪಟ್ಟಿ ಇಸಿದುಕೊಂಡು ಏಳನೆಯ ಮನೆಯ ಮೇಲೆ ಗೀಟು ಎಳೆದ. ತಾನು ಬೇಕೆಂದೇ ಕಲಸಿದ್ದರೂ ಅಷ್ಟು ಗಾಢ ನೀಲಿ ಹಚ್ಚಲು ಧೈರ್ಯವಾಗುತ್ತಿರಲಿಲ್ಲ ಎಂದ. ಮಾತು ಸಣ್ಣ ದನಿಯಲ್ಲಿತ್ತು, ಆದರೆ ಅವನ ನಡಿಗೆಯಲ್ಲಿದ್ದ ಗತ್ತು ನನಗೆ ಕಾಣುತ್ತಿತ್ತು. ನಾನು ಬೇಕೆಂದೇ ಎರಡು ಹೆಜ್ಜೆ ಹಿಂದೆ ಉಳಿದು, ಅವನು ನಡೆಯುವುದನ್ನು ನೋಡುತ್ತ ಬಂದೆ.