ಮರಸೇಬಿನ ಹಲಗೆಯ ಮುಖ

ಕುನಿಗುಂಡಳ ತಾತ ಉಲ್ರಿಕ್, ನ್ಯೂರೆಂಬರ್ಗಿನಲ್ಲಿ ಊರು ಕಾಯುವ ಸಂತ ಸೆಬಾಲ್ಡನ ಚಿತ್ರದ ಮರದಚ್ಚು ಕೆತ್ತಿದವನು. ಪ್ಲೇಗು ಬಂದ ವರ್ಷ ಅವನ ಅಚ್ಚಿನ ಹಾಳೆ ಅಂಟಿಸದ ಬಾಗಿಲೇ ಕೇರಿಯಲ್ಲಿರಲಿಲ್ಲ. ಆ ಬಾಗಿಲುಗಳ ಹಿಂದೆಯೂ ಜನ ಸತ್ತರು, ಆ ಮಾತು ಬೇರೆ. ಅಪ್ಪ ಫೈಟ್, ಮಗು ಹೊತ್ತ ಮೇರಿಯನ್ನು ಕೆತ್ತಿದ. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡ ವಾರವೇ ಉಳಿ ಹಿಡಿದು ಕೂತು, ಮೇರಿಗೆ ಅವಳ ಮುಖವನ್ನೇ ಕೊಟ್ಟ. ಮೇರಿಯ ತೋಳಿನ ಕೂಸಿಗೆ, ಆಗಷ್ಟೇ ಹುಟ್ಟಿದ ಕುನಿಗುಂಡಳ ರೂಪ. ಅವಳ ಪಾಲಿಗೆ ಅವ್ವ ಅಂದರೆ ಮರಸೇಬಿನ ಹಲಗೆಯ ಮೇಲಿನ ಆ ಹೆಬ್ಬೆಟ್ಟಿನಗಲದ ಮುಖ, ಅಷ್ಟೇ. ಹಲಗೆಯೋ, ಅಚ್ಚುಮನೆಯ ಸ್ವತ್ತು.

ಅಪ್ಪನ ಕಸುಬು ಮಗಳ ಕೈಗೆ ಬಂತು. ಅವಳಿಗೆ ಐವತ್ತು ದಾಟಿ ಕಣ್ಣಿಗೆ ಪೊರೆ ಕವಿಯುವ ಹೊತ್ತಿಗೆ ಊರಿಗೆ ಸಂತರ ಪೂಜೆ ಸಲ್ಲದೆನ್ನುವ ಹೊಸ ಬೋಧನೆ ಬಂದು, ಮೇರಿಯನ್ನು ಕೇಳುವವರೇ ಇಲ್ಲವಾದರು. ತುರ್ಕರು ವಿಯೆನ್ನಾ ಮುತ್ತಿದ ಸುದ್ದಿ ಬಂದ ಬೆಳಗ್ಗೆ ಅಚ್ಚುಮನೆಯ ಯಜಮಾನ ಎಂಡ್ರೆಸ್ ಆ ಹಲಗೆಯನ್ನು ತಂದು ಅವಳ ಮುಂದಿಟ್ಟ.

“ಕುನಿಗುಂಡಕ್ಕ, ಇವಳು ಇನ್ಮೇಲೆ ಜರ್ಮನಿಯಮ್ಮ. ಕೂಸನ್ನ ತೆಗೆದು ಚಕ್ರವರ್ತಿಯ ಹದ್ದಿನ ಗುರಾಣಿ ಕೂರಿಸು. ಕಾಲಡಿ ಹಾವಿದೆಯಲ್ಲ, ಅದಕ್ಕೊಂದು ತುರ್ಕನ ರುಮಾಲು ಸುತ್ತು.”

“ರುಮಾಲು ಸುತ್ತಿದ್ರೆ ಹಾವು ತುರ್ಕನಾಗುತ್ತಾ ಧಣಿ? ಹಾಗಾದ್ರೆ ನಿಮ್ಮ ತಲೆಗೂ ಸುತ್ತಿ ನೋಡೋಣ.”

“ನಗಾಡು, ನಗಾಡು. ಸ್ಯಾಕ್ಸನಿಯವನು, ಬವೇರಿಯದವನು, ನಾವು, ಎಲ್ಲರಿಗೂ ಒಬ್ಬಳೇ ತಾಯಿ ಅಂತ ಕೆಳಗೆ ಹಾಕ್ತೀನಿ. ಆದ್ರೆ ಈ ಮುಖ ಬೇಡ. ಅಳುಮೋರೆ. ಇದನ್ನ ನೋಡಿ ಯಾವನು ಕತ್ತಿ ಹಿರೀತಾನೆ?”

ಒಲ್ಲೆ ಅಂದರೆ ಹಲಗೆ ಪಕ್ಕದ ಬೀದಿಯ ಕೆತ್ತನೆಯವನ ಪಾಲು. ಅವಳು ಒಪ್ಪಿದಳು. ಮೊದಲು ಕೂಸನ್ನು ಹೆರೆದಳು. ತನ್ನ ಕೆನ್ನೆ, ತನ್ನ ಮುಷ್ಟಿ ಚಕ್ಕೆಚಕ್ಕೆಯಾಗಿ ಮಡಿಲಿಗೆ ಉದುರಿದವು. ಆ ಗುಳಿಗೆ ಹೊಸ ಮರದ ಬಿಲ್ಲೆ ಬಡಿದು ಹದ್ದು ಕೆತ್ತಿದಳು. ಮುಖಕ್ಕೆ ಬಂದಾಗ ಕೈ ನಿಂತಿತು. ತೇಪೆ ಹಾಕುವ ಜಾಗವನ್ನು ಬೈರಿಗೆಯಿಂದ ಕೊರೆದು ಪುಡಿ ಮಾಡುವುದು ಕಸುಬಿನ ವಾಡಿಕೆ. ಅದರ ಬದಲು ಚಾಕುವಿನ ತುದಿಯಿಂದ ಸುತ್ತಲೂ ಗೀರುತ್ತ ಹೋದರೆ ಮುಖ ಇಡಿಯಾಗಿ ಎದ್ದು ಅವಳ ಕೈಗೆ ಬಂದೀತು. ಇಲ್ಲವೇ, ಮೂಗಿನ ಮೇಲೆ ನಡುವೆ ಸೀಳೀತು. ಅವಳು ಚಾಕುವನ್ನೇ ಎತ್ತಿಕೊಂಡಳು.

ನಾಲ್ಕನೆಯ ದಿನ ಎಂಡ್ರೆಸ್ ಬೈರಿಗೆ ಹಿಡಿದೇ ಬಂದ. ಗೀರು ಇನ್ನೂ ಗಲ್ಲದ ಹತ್ತಿರವಿತ್ತು. ಅವಳ ಬೆರಳುಗಳ ತುದಿ ಕೊಯ್ದು ರಕ್ತ ಹೆಪ್ಪುಗಟ್ಟಿತ್ತು.

“ಕಣ್ಣೇ ಕಾಣಲ್ಲ, ಯಾಕಕ್ಕ ಈ ಒದ್ದಾಟ? ಆಚೆ ಸರ್ಕೊ. ನಾಲ್ಕು ಸುತ್ತು ತಿರುವಿದ್ರೆ ಮುಗೀತು, ನಾನೇ ತೆಗೆದುಕೊಡ್ತೀನಿ.”

ಅವಳು ಹಲಗೆಯನ್ನು ಎದೆಗೆ ಅವಚಿಕೊಂಡಳು.

“ಬೈರಿಗೆ ಕೆಳಗಿಡಿ ಧಣಿ. ನಿಮ್ಮ ಜರ್ಮನಿಯಮ್ಮನ್ನ ನಾಳೆ ಕೊಡ್ತೀನಿ. ಇವಳು ನಮ್ಮವ್ವ. ಸೀಳೋದಿದ್ರೂ ನನ್ನ ಕೈಯಲ್ಲೇ ಸೀಳ್ಲಿ. ನಿಮ್ಮ ಸಹಾಯ ನಂಗೆ ಬೇಡ. ಹೋಗ್ತಾ ಬಾಗಿಲು ಎಳ್ಕೊಳ್ಳಿ.”