ರಾದಿಸಾವನ ಕೂದಲೆಳೆಯಷ್ಟು ವೇಗ

ನೀಶ್ ಪಟ್ಟಣದಲ್ಲಿ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿನ ವೇಗ ಹೆಚ್ಚಿಸಬೇಕೆನ್ನುವವರು ರಾದಿಸಾವನ ಅಡುಗೆಮನೆಗೇ ಹೋಗಬೇಕು. ಹೋದವರು ಬೇಗ ಹೊರಡುವ ಆಸೆ ಬಿಡಬೇಕು. ಕಾರ್ಟೂನ್ ಚಿತ್ರ ಮಾಡುವ ಹುಡುಗಿ ದುಶಾಂಕಾ ತನ್ನ ಹಳೆಯ ಕಾರ್ಡ್ ತಂದಾಗ ಅವನು ಮೊದಲು ಬ್ರಷ್ಷಿನಿಂದ ಧೂಳು ಕೊಡವಿದ, ಚಿಪ್ಪಿನ ಶಾಖ ಹೊರಹಾಕುವ ಪೇಸ್ಟ್ ಒಣಗಿದ್ದನ್ನು ಒರೆಸಿ ಹೊಸದು ಹಚ್ಚಿದ, ಅಷ್ಟು ಹೊತ್ತೂ ಕಾರ್ಡಿನ ಜೊತೆಗೇ ಮಾತಾಡಿದ. ವೇಗವನ್ನು ಕೂದಲೆಳೆಯಷ್ಟು ಏರಿಸುವುದು, ಪರೀಕ್ಷೆ ಓಡಿಸುವುದು, ಶಾಖ ನೋಡುವುದು, ಮತ್ತೆ ಕೂದಲೆಳೆಯಷ್ಟು ಏರಿಸುವುದು. ನಡುನಡುವೆ ಗಟ್ಟಿ ಕಾಫಿ, ಸುಟ್ಟ ಮೆಣಸಿನಕಾಯಿಯ ಚಟ್ನಿ ಸವರಿದ ಬ್ರೆಡ್ಡು, ಫ್ಯಾನುಗಳ ಗುಣಾವಗುಣದ ಮೇಲೆ ಭಾಷಣ. "ಒಂದೇ ಸಲ ಏರಿಸಿಬಿಡಿ ಮಾಮ" ಎಂದು ದುಶಾಂಕಾ ಹೇಳಿದರೆ, "ನಿನ್ನನ್ನ ಒಂದೇ ಉಸಿರಲ್ಲಿ ಬೆಟ್ಟ ಹತ್ಸಿದ್ರೆ ಬದುಕ್ತೀಯೇನಮ್ಮ?" ಎಂದು ಗದರಿದ. ಕಾರ್ಡಿಗೆ ಇನ್ನು ತಾಳದು ಎನ್ನುವಂತೆ ತೆರೆಯ ಮೇಲೆ ಬಣ್ಣದ ಚುಕ್ಕೆಗಳು ಮಿನುಗಿದೊಡನೆ ವೇಗವನ್ನು ಒಂದಿಷ್ಟು ಹಿಂದಕ್ಕಿಳಿಸಿ ನಿಲ್ಲಿಸಿದ. "ಇದು ಸುಖವಾಗಿ ಓಡೋ ವೇಗ. ಇದರ ಮೇಲೆ ಆಸೆ ಪಡಬೇಡ." ರಾತ್ರಿಯವರೆಗೆ ಎಳೆಯುತ್ತಿದ್ದ ಕೆಲಸ ಇನ್ನು ಸಂಜೆಗೇ ಮುಗಿಯುತ್ತದೆಂದು ಹಿಗ್ಗಿದ ದುಶಾಂಕಾ ಕೋಟು ತೊಟ್ಟು ಬಾಗಿಲಿಗೆ ಬಂದಳು. ಹಿಂದೆಯೇ ರಾದಿಸಾವನ ಹೆಂಡತಿ ಮಿಲುಂಕಾ ಬಂದು ಅವಳ ಕೈ ಹಿಡಿದುಕೊಂಡಳು. "ತುಂಬಾ ಉಪಕಾರ ಆಯ್ತಮ್ಮ" ಎಂದಳು ದುಶಾಂಕಾ. "ಉಪಕಾರ ನಿಂದು ಮಗಳೇ. ಇವರ ತಮ್ಮ ತೀರಿಕೊಂಡ ಮೇಲೆ ಚಳಿಗಾಲವೆಲ್ಲ ಯಾರು ಬಂದ್ರೂ ಬಾಯಿ ಬಿಡದೆ ಕೆಲಸ ಮಾಡಿ ಕಳಿಸ್ತಿದ್ರು. ಮಾತಾಡಿದ್ದು ಇವತ್ತೇ." ದುಶಾಂಕಾ ಕೋಟು ಕಳಚಿ ಮತ್ತೆ ಒಳಗೆ ಬಂದು ಕುಳಿತಳು. "ಮಾಮ, ಈ ವೋಲ್ಟೇಜ್ ಅಂದ್ರೇನು? ನಂಗೆ ನಿಧಾನಕ್ಕೆ ಬಿಡಿಸಿ ಹೇಳಿ."